ಚೆಂಡು ನಿನ್ನ ಕೈಲಿದ್ದಾಗ

ಹರದನಹಳ್ಳಿ, ಸೋಮವಾರ

ಮೊಮ್ಮಗಳು ಸ್ವರ್ಣಲತಾಳಿಗೆ ಅಜ್ಜಿಯ ಮುತ್ತು.

ನಿನ್ನೆ ಗುಂಡ್ಲುಪೇಟೆಯಲ್ಲಿ ನೀನು ಆಡಿದ ಬ್ಯಾಸ್ಕೆಟ್‌ಬಾಲ್ ಕಣ್ಣಿಂದ ಹೋಗಿಲ್ಲ. ನಿದ್ದೆಯಲ್ಲೂ ಆ ಚೆಂಡು ಗೋಪಾಲಸ್ವಾಮಿ ಬೆಟ್ಟದ ಮಂಜಿನೊಳಗೆ ತೇಲುತ್ತಿತ್ತು, ಇಳಿಯಲೇ ಇಲ್ಲ. ಕೊನೆಯಲ್ಲಿ ನಿನಗೆ ಯಾರೂ ಅಡ್ಡವಿರಲಿಲ್ಲ. ಆದರೂ ಚೆಂಡನ್ನು ನಿಮ್ಮ ತಂಡದ ಕುಮಾರಿಗೆ ಕೊಟ್ಟೆ. ಅವಳ ಸುತ್ತ ಮೂವರಿದ್ದರು, ನೀವು ಸೋತಿರಿ.

ಬರುವ ಭಾನುವಾರವೂ ಹೀಗಾದರೆ ಜಿಲ್ಲಾ ತಂಡಕ್ಕೆ ನಿನ್ನನ್ನು ಆರಿಸುವುದಿಲ್ಲ ಎಂದು ನಿಮ್ಮ ಕೋಚ್ ಹೇಳಿದರು. ಬೇರೆಯವರಿಗೆ ದಾರಿಯಿದ್ದರೆ ಕೊಡು ಮಗ, ನಿನಗಿದ್ದರೆ ನೀನೇ ಬುಟ್ಟಿಗೆ ಹಾಕು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣಬೇಕೆಂದು ಕಲಿಸಿದವಳು ನಾನೇ, ತಪ್ಪು ನನ್ನದು.

ಇವತ್ತು ನಿನ್ನ ತಾತನಿಗಿಂತ ಮೊದಲೇ ತಟ್ಟೆ ಹಾಕಿಕೊಂಡು ಕೂತೆ.

"ಏನಮ್ಮಿ, ಅಷ್ಟೊಂದು ಅಸಿವಾ?" ಎಂದರು.

"ಊಂ ಕಣಿ, ಭಾಳ ವರ್ಷದಿಂದ" ಎಂದೆ.

ನಿನ್ನ ಅಜ್ಜಿ,
ಸಣ್ಣತಾಯಮ್ಮ