ಮರಿಯ ಕಾಲು

ಮಾರ್ಚ್ ೧೧, ಮಂಗಳವಾರ

ಕೈ ಸಿಮೆಂಟಿಗೆ ಉರಿಯುತ್ತಿದೆ, ಹೊಟ್ಟೆ ಅದಕ್ಕಿಂತ ಹೆಚ್ಚು. ಶಾಲೆಯ ಅಂಗಳದಲ್ಲಿ ನಾವು ಗಾರೆ ಕೆಲಸದವರು ಟಿ-ರೆಕ್ಸ್ ಡೈನೋಸಾರಿನ ತಾಯಿ, ಮರಿಯ ಮೂರ್ತಿ ಕಟ್ಟುತ್ತಿದ್ದೇವೆ. ಮರಿಯನ್ನು ಸಪೂರವಾಗಿ, ಉದ್ದ ಕಾಲಿಟ್ಟು ಕಟ್ಟಿದ್ದೆ. ಹೆಡ್‌ಮಾಸ್ಟರ್ ನಕ್ಕ.

“ಏನಲೇ, ಕೋಳಿ ಮಾಡೀಯೇನು? ಮರಿ ಅಂದ್ರ ತಾಯಿ ಥರಾನ ಇರಬೇಕು.”

“ಇಲ್ರಿ ಸರ್, ಮರಿ ಓಡಿ ಸಣ್ಣ ಪ್ರಾಣಿ ಹಿಡೀತಿತ್ರಿ. ಬೆಳೆದ ಮ್ಯಾಲೆ ಮೈ ಬಂದು, ದೊಡ್ಡವುನ್ನ ಎಲುಬು ಸಮೇತ ಕಡೀತಿತ್ರಿ. ಎರಡರ ಬೇಟೆನೂ ಬ್ಯಾರೆ.”

“ನೀ ಎಷ್ಟನೇ ಕ್ಲಾಸ್ ಓದೀಯಲೇ?”

“ಏಳಕ್ಕೆ ಬಿಟ್ಟೆನ್ರಿ.”

ಮೇಸ್ತ್ರಿ ಉಜ್ಜಿನಪ್ಪ ಮಾವನೂ ನನ್ನ ಕಡೆ ನಿಲ್ಲಲಿಲ್ಲ. “ಸರ್ ಹೇಳಿದಂಗ ಮಾಡಲೇ,” ಎಂದ.

ಆರು ತಿಂಗಳು ಫೋನಿನಲ್ಲಿ ಮೂಳೆಗಳ ಚಿತ್ರ ನೋಡಿ ಕಲಿತದ್ದು ಓದಲ್ಲವಂತೆ. ಆ ಹೆಡ್‌ಮಾಸ್ಟರನ ಮುಖಕ್ಕೆ ಸಿಮೆಂಟ್ ಮೆತ್ತಬೇಕಿತ್ತು. ಮರಿಯ ಕಾಲಿಗೆ ಮೆತ್ತಿ, ತಾಯಿಯದರಂತೆ ದಪ್ಪ ಮಾಡಿದೆ. ಓಡುವ ಪ್ರಾಣಿಯನ್ನು ಕೈಯಾರೆ ಕುಂಟು ಮಾಡಿದೆ. ನಾಳೆಯಿಂದ ಮಕ್ಕಳು ಅದನ್ನೇ ನೋಡಿ ಕಲಿಯುತ್ತಾರೆ. ತಪ್ಪು ಕಲಿಸಿದ ಕೈ ನನ್ನದೇ.