ದೋಣಿಯಲ್ಲಿ ಕಳೆದ ಹನ್ನೊಂದು ಗಂಟೆ

ಸಮಾಜಕಾರ್ಯದ ಅರ್ಹತಾಪತ್ರ ನೀಡುವ ಕಚೇರಿಯ ಮುಖ್ಯಸ್ಥರೇ,

ನನ್ನ ಒಂಬೈನೂರು ಗಂಟೆಗಳ ತರಬೇತಿಯಲ್ಲಿ ಹನ್ನೊಂದನ್ನು ತಾವು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ‘ಪ್ರಯಾಣ, ಸೇವೆಯಲ್ಲ’ ಎಂದು ಬರೆದಿದ್ದೀರಿ. ಅಕ್ಷರ ದುಂಡಾಗಿದೆ.

ನಿಯಮದಂತೆ ನಾನು ಚಿಲುಬಿ ದ್ವೀಪದಲ್ಲಿ ಕೆಲಸ ಮಾಡಿ, ತಿಂಗಳಿಗೆರಡು ಸಲ ಆಚೆ ದಡದ ಸಾಂಫ್ಯಾ ಪಟ್ಟಣದ ಮೇಲ್ವಿಚಾರಕರ ಮುಂದೆ ಖುದ್ದಾಗಿ ನಿಲ್ಲಬೇಕು. ನಡುವೆ ಸರೋವರವಿರುವುದು ನಿಯಮಕ್ಕೆ ಗೊತ್ತಿಲ್ಲ. ಕಚೇರಿಯ ಬೀರುವಿನ ಕೀಲಿ ಹುಡುಕಿದ ನನ್ನ ನಾಲ್ಕು ಗಂಟೆಗಳನ್ನು ಮಾತ್ರ ತಾವು ಸೇವೆಯೆಂದು ಒಪ್ಪಿದ್ದೀರಿ. ಅಲ್ಲಿ ಸುತ್ತ ಗೋಡೆಗಳಿದ್ದವಲ್ಲ!

ಹೋದ ತಿಂಗಳು, ತಾವು ಹೊಡೆದುಹಾಕಿದ ಆ ಹನ್ನೊಂದು ಗಂಟೆ ನಾನಿದ್ದ ದೋಣಿಯಲ್ಲಿ ಏಳು ವರ್ಷದ ಚಿಸಂಗಾ ಇದ್ದಳು. ತಾಯಿಯನ್ನು ಮಣ್ಣು ಮಾಡಿದಂದಿನಿಂದ ಅವಳು ಮಾತಾಡಿರಲಿಲ್ಲ. ಸೋದರಮಾವ ಕಪೆಂಬ್ವಾ ಅವಳನ್ನು ಸಾಂಫ್ಯಾಕ್ಕೆ ಕರೆದೊಯ್ಯುತ್ತಿದ್ದ. ಅಜ್ಜಿ, ಎಂದರೆ ಅವನ ತಾಯಿ, ಒಣಮೀನಿನ ಚೀಲದೊಂದಿಗೆ ತಾನೂ ಹತ್ತಿ ಕೂತಿದ್ದಳು.

“ಶಾಲೆಗೆ ಹಾಕ್ತೀನಿ ಅಂತೀಯ. ನಿನ್ನ ಹೆಂಡ್ತಿಗೆ ನೀರು ಹೊರೋಕೆ ಆಳು ಬೇಕು ಅಂತ ನೇರ ಹೇಳೋ!”

“ನಿಂಗೆ ಕಣ್ಣು ಕಾಣಲ್ಲಮ್ಮ, ಹೆಂಗೆ ಸಾಕ್ತೀಯ?”

“ನಿನ್ನ ಬುದ್ಧಿ ಕಾಣೋಷ್ಟು ಕಾಣುತ್ತೆ ಬಿಡೋ!”

“ಇಬ್ರೂ ಸುಮ್ನೆ ಕೂತ್ಕೊಳ್ಳಿ, ದೋಣಿ ವಾಲ್ತಿದೆ,” ಎಂದ ಅಂಬಿಗ ಮುಂಬಾ.

ನಾನು ಹುಡುಗಿಯ ಪಕ್ಕ ಕೂತು ಕಡಲೆಕಾಯಿ ಸುಲಿಯತೊಡಗಿದೆ. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೂ ಸುಲಿದಳು. ಮೂರನೆಯ ಗಂಟೆಯಲ್ಲಿ ಹೇಳಿದಳು: “ಅಜ್ಜಿಗೆ ಅಮ್ಮನ ಗೋರಿಗೆ ಹೋಗೋ ದಾರಿ ಕಾಣಲ್ಲ. ನಾನೇ ಕೈ ಹಿಡ್ಕೊಂಡು ಹೋಗ್ಬೇಕು.”

ಅದನ್ನು ಕೇಳಿ ಕಪೆಂಬ್ವಾ ಪಟ್ಟು ಬಿಟ್ಟ. ದಡ ಮುಟ್ಟುವ ಹೊತ್ತಿಗೆ ನನ್ನ ತರಬೇತಿಯ ದಾಖಲೆ ಪುಸ್ತಕದಲ್ಲಿ ಒಪ್ಪಂದವಾಗಿತ್ತು: ಮಗು ಅಜ್ಜಿಯ ಬಳಿ ಇದ್ದು ದ್ವೀಪದ ಶಾಲೆಗೆ ಹೋಗುವುದು, ರಜೆಗೆ ಮಾವನ ಮನೆ. ಅವನ ಸಹಿ, ಅಜ್ಜಿಯ ಹೆಬ್ಬೆಟ್ಟು, ಮುಂಬಾನ ಸಾಕ್ಷಿ. ಅಜ್ಜಿ ಮೊಮ್ಮಗಳು ಮುಂದಿನ ದೋಣಿಗೇ ಮನೆಗೆ ಮರಳಿದರು.

ತಾವು ಆ ಗಂಟೆಗಳನ್ನು ಹೊಡೆದಿದ್ದರಿಂದ ಅದೇ ಹಾಳೆಯಲ್ಲಿದ್ದ ಅಂದಿನ ಒಪ್ಪಂದವೂ ರದ್ದಾಯಿತು. ಮೊನ್ನೆ ಕಪೆಂಬ್ವಾ, ತಮ್ಮ ಕಚೇರಿ ಕಳಿಸಿದ ಆ ಕೆಂಪು ಗೆರೆಯ ಹಾಳೆಯ ನಕಲು ಹಿಡಿದು ದ್ವೀಪಕ್ಕೆ ಬಂದ.

“ಮನೇಲಿ ಹೆಂಡ್ತಿ ಬಿಡ್ತಿಲ್ಲ ತಂಗಿ. ದೋಣಿಲಿ ಏನೂ ನಡೀಲಿಲ್ಲ ಅಂತ ಕಚೇರಿಯವ್ರೇ ಅಂದ್ಮೇಲೆ, ನಾನು ಒಪ್ಪಿದ್ದೂ ನಡೀಲಿಲ್ಲ ತಾನೆ?”

ತಮ್ಮ ತರ್ಕವನ್ನು ಇಷ್ಟು ಚೆನ್ನಾಗಿ ಅರಿತವರನ್ನು ನಾನು ಕಂಡಿಲ್ಲ. ಗುರುವಾರ ಅವನು ಮಗುವನ್ನು ಕರೆದೊಯ್ಯುತ್ತಾನೆ. ಅವಳು ಮತ್ತೆ ಮಾತು ನಿಲ್ಲಿಸಿದ್ದಾಳೆ.

ಆ ಗಂಟೆಗಳು ನನಗೆ ಬೇಡ. ಯಾವುದಾದರೂ ಬೀರುವಿನ ಮುಂದೆ ನಿಂತು ತುಂಬಿಸಿಕೊಡುತ್ತೇನೆ. ಗುರುವಾರದೊಳಗೆ ಒಪ್ಪಂದದ ಆ ಒಂದು ಹಾಳೆಯನ್ನು ಮಾನ್ಯ ಮಾಡಿ. ಆಗದಿದ್ದರೆ ತಾವೇ ಬಂದು ಚಿಸಂಗಾಳಿಗೆ ಕಾರಣ ತಿಳಿಸಿ. ಅವಳು ಎದುರಾಡುವುದಿಲ್ಲ, ತಮಗೇನೂ ತೊಂದರೆಯಾಗದು.

ಇಂತಿ,
ಹನ್ನೊಂದು ಗಂಟೆ ಕಡಿಮೆ ಬಿದ್ದ ಸಮಾಜಕಾರ್ಯಕರ್ತೆ,
ಬ್ವಾಲ್ಯಾ ಕಲಾಬಾ
ಚಿಲುಬಿ ದ್ವೀಪ