ಎಳನೀರಿಗೆ ಬೇಡಿಕೆಯಿಲ್ಲ ಎಂದ ಅರ್ಥಶಾಸ್ತ್ರಜ್ಞರಿಗೆ

ಮಾನ್ಯ ಅಧ್ಯಕ್ಷರೇ,

ಗೋಕುಲಂನಲ್ಲಿ ಹನ್ನೊಂದು ವರ್ಷದಿಂದ ಎಳನೀರು ಮಾರುತ್ತಿರುವ ತಿಮ್ಮಮ್ಮನನ್ನು, ತಪ್ಪು ಎಣಿಕೆಯೊಂದನ್ನು ನಂಬಿ, ನೀವು ಅಲ್ಲಿಂದ ಎಬ್ಬಿಸುತ್ತಿದ್ದೀರಿ. ಬೀದಿ ವ್ಯಾಪಾರಿಗಳಿಗೆ ಜಾಗ ಗೊತ್ತುಮಾಡುವ ನಿಮ್ಮ ಸಮಿತಿಯ ವರದಿ, ಪುಟ ನಲವತ್ತೊಂದು, ಹೀಗೆನ್ನುತ್ತದೆ: 'ಈ ಸ್ಥಳದಲ್ಲಿ ಎಳನೀರಿಗೆ ಗಣನೀಯ ಬೇಡಿಕೆ ಕಂಡುಬಂದಿಲ್ಲ. ಗಾಡಿಯನ್ನು ಇಲವಾಲದ ವ್ಯಾಪಾರ ವಲಯಕ್ಕೆ ಸ್ಥಳಾಂತರಿಸಬಹುದು.' ವರದಿ ನನ್ನ ಕೈಗೆ ಹೇಗೆ ಬಂತೆಂದು ವಿಚಾರಣೆ ನಡೆಸಬೇಡಿ. ಇಪ್ಪತ್ತು ಪ್ರತಿ ತೆಗೆಸಲು ನಿಮ್ಮ ಕಚೇರಿಯವರು ಬಂದದ್ದು ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೇ. ಪ್ರತಿಗಳು ಚೆನ್ನಾಗಿ ಬಂದಿವೆ. ತಪ್ಪೂ ಸ್ಪಷ್ಟವಾಗಿ ಕಾಣುತ್ತದೆ.

ನಿಮ್ಮ ಸಮೀಕ್ಷೆ ಬಹಳ ವೈಜ್ಞಾನಿಕವಂತೆ. ಒಂದೇ ದಿನದ ಲೆಕ್ಕವನ್ನು ನಂಬಲಾಗದೆಂದು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಎಣಿಸಿದಿರಿ. ಎರಡು ಸಲವೂ ಬೆಳಿಗ್ಗೆ ಆರರಿಂದ ಒಂಬತ್ತು. ಮೊದಲ ದಿನ ಮಾರಾಟವಾದದ್ದು ನಾಲ್ಕು, ಎರಡನೆಯ ದಿನ ಮೂರು. ಆ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ನೋಡಿದೆ. ಒಂದು ಹುಣ್ಣಿಮೆ, ಇನ್ನೊಂದು ಅಮಾವಾಸ್ಯೆ. ಆ ಎರಡು ದಿನ ಇಲ್ಲಿನ ಯೋಗಶಾಲೆಗಳಿಗೆ ರಜ ಎಂಬುದು ಗೋಕುಲಂನ ಬೀದಿನಾಯಿಗಳಿಗೂ ಗೊತ್ತು. ತಿಮ್ಮಮ್ಮನ ಗಿರಾಕಿಗಳೆಂದರೆ ಯೋಗ ಮುಗಿಸಿ ಬೆವರೊರೆಸಿಕೊಂಡು ಬರುವವರೇ. ಅವರು ಖಂಡಿತ ಬಾರದ ಎರಡು ದಿನಗಳನ್ನೇ ಹುಡುಕಿ ಎಣಿಸಿದ್ದೀರಿ. ಇಂಥ ಕೆಲಸಕ್ಕೆ ದ್ವೇಷವೊಂದೇ ಸಾಲದು, ಡಾಕ್ಟರೇಟ್ ಬೇಕು.

ಹುಣ್ಣಿಮೆಯ ಬೆಳಿಗ್ಗೆ ನಾನೂ ಗಾಡಿಯ ಹತ್ತಿರವೇ ಇದ್ದೆ. ನಿಮ್ಮ ಸಮೀಕ್ಷಕರಿಗೆ ತಿಮ್ಮಮ್ಮ ಮೊದಲೇ ಹೇಳಿದರು: "ಇವತ್ತು ಯೋಗದೋರು ಬರಲ್ಲ ಕಣಪ್ಪ. ನಾಳೆ ಬಾ."

"ಅದಕ್ಕೆ ಫಾರಂನಲ್ಲಿ ಕಾಲಂ ಇಲ್ಲಮ್ಮ."

"ಕಾಲಂ ಇಲ್ದಿದ್ರೆ ಪಕ್ಕದಲ್ಲಿ ಗೀಚ್ಕೊಬುಡು. ಅಷ್ಟಗಲ ಹಾಳೆ ಐತಲ್ಲ!"

ಅವರು ಗೀಚಿಕೊಳ್ಳಲಿಲ್ಲ, ಒಂದು ಎಳನೀರು ಕುಡಿದರು. ಇನ್ನೊಂದನ್ನು ನಾನು ಕುಡಿದೆ. ಅಂದರೆ ಆ ದಿನದ ಬೇಡಿಕೆಯಲ್ಲಿ ಕಾಲು ಭಾಗ ನಿಮ್ಮ ಸಮಿತಿಯದೇ! ನಾನು ನಕ್ಕು ಸುಮ್ಮನಾದೆ. ಅದು ನನ್ನ ತಪ್ಪು. ಈ ಪತ್ರ ಅವತ್ತೇ ಬರೆಯಬೇಕಿತ್ತು.

ವರದಿ ಓದಿ ಹೇಳಿದಾಗ ತಿಮ್ಮಮ್ಮ ಮಚ್ಚು ಕೆಳಗಿಟ್ಟರು. "ಇಲವಾಲ್ದಲ್ಲಿ ಮಾರ್ಬೇಕಾ? ನಾನು ಕಾಯಿ ತರೋದೇ ಅಲ್ಲಿಂದ ಕಣಮ್ಮ. ನಮ್ಮೂರೋರು ಕಾಸು ಕೊಟ್ಟು ಎಳನೀರು ಕುಡುದ್ರೆ ಅವ್ರಿಗೆ ಹುಷಾರಿಲ್ಲ ಅಂತ್ಲೇ ಅರ್ಥ." ಆಮೇಲೆ ನಗಲಿಲ್ಲ. "ಈ ಮೂಲೆ ಹೋದ್ರೆ ನಾನು ಎಲ್ಲಿಗೋಗ್ಲಿ, ಹೇಳು" ಎಂದರು. ಉತ್ತರ ಹುಡುಕಿ ವರದಿಯನ್ನು ಕೊನೆಯವರೆಗೂ ತಿರುವಿದೆ. ನಿಮ್ಮ ಐದು ಅನುಬಂಧಗಳಲ್ಲೂ ಇಲ್ಲ.

ಅರ್ಥಶಾಸ್ತ್ರವನ್ನು ನಾನು ಕಾಲೇಜಿನಲ್ಲಿ ಕಲಿತವಳಲ್ಲ. ಹಳೆ ಪುಸ್ತಕದ ರಾಶಿಯಲ್ಲಿ ಹತ್ತು ರೂಪಾಯಿಗೆ ಸಿಕ್ಕ ಮೂವತ್ತೆರಡು ಪುಟದ ಪುಸ್ತಿಕೆಯಿಂದ ಕಲಿತೆ. ಬರೆದವರು ನೀವೇ, ಆಗಿನ್ನೂ ಸಂಶೋಧನಾ ವಿದ್ಯಾರ್ಥಿ. ಸೊಪ್ಪು ಮಾರುವ ಹೆಂಗಸಿನ ಪಕ್ಕ ನಲವತ್ತು ಬೆಳಿಗ್ಗೆ ಕೂತಿದ್ದಿರಿ. 'ಮೊದಲ ವಾರ ಬರೆದುಕೊಂಡದ್ದನ್ನೆಲ್ಲ ಆಕೆಗೆ ಓದಿ ಹೇಳಿದೆ. ಆಕೆ ನಕ್ಕಳು. ಹಾಳೆಗಳನ್ನು ಹರಿದು ಮತ್ತೆ ಶುರುಮಾಡಿದೆ' ಎಂದಿದ್ದೀರಿ. ಆ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ. ಆಮೇಲಿನ ನಿಮ್ಮ ಏರಿಕೆ ವರದಿಯ ಕೊನೆಯ ಪುಟದಲ್ಲಿದೆ: ಪ್ರಾಧ್ಯಾಪಕರು, ವಿದೇಶದಲ್ಲಿ ಎರಡು ವರ್ಷ, ಸರ್ಕಾರಕ್ಕೆ ಸಲಹೆಗಾರರು, ಏಳು ಸಮಿತಿಗಳ ಸದಸ್ಯರು, ಮೂರರ ಅಧ್ಯಕ್ಷರು. ಒಂದೊಂದು ಹುದ್ದೆಗೂ ಒಂದೊಂದು ಮಹಡಿ ಮೇಲೆ ಹೋದಿರಿ. ಅಷ್ಟು ಎತ್ತರದಿಂದ ಎಳನೀರು ಗಾಡಿ ಚುಕ್ಕೆಯಂತೆ ಕಾಣುವುದು ಸಹಜ. ಆದರೆ ಸ್ವಾಮಿ, ಯಾದವಗಿರಿಯ ನಿಮ್ಮ ಮನೆಯಿಂದ ಆ ಗಾಡಿಗೆ ನಡಿಗೆಯಲ್ಲಿ ಕಾಲು ಗಂಟೆ! ಜಗತ್ತಿನ ಯಾವ್ಯಾವುದೋ ಮೂಲೆಯಿಂದ ಯೋಗ ಕಲಿಯಲು ವಿಮಾನ ಹತ್ತಿ ಬಂದವರು ಅದನ್ನು ಹುಡುಕಿಕೊಂಡರು. ಅವರಲ್ಲಿ ಆರಡಿ ಎತ್ತರದ ಒಬ್ಬನಿಗೆ ಗೊತ್ತಿರುವ ಕನ್ನಡ ಎರಡೇ ಪದ: 'ಅಮ್ಮ' ಮತ್ತು 'ಗಂಜಿ', ಅಂದರೆ ಎಳನೀರಿನೊಳಗಿನ ಎಳೆ ತಿರುಳು. ಬೇಡಿಕೆಗೆ ಇದಕ್ಕಿಂತ ಒಳ್ಳೆಯ ಪುರಾವೆ ಯಾವ ಕೋಷ್ಟಕದಲ್ಲಿದೆ?

ಶುಕ್ರವಾರ ಹನ್ನೊಂದಕ್ಕೆ ನಿಮ್ಮ ಸಭೆ ಈ ವರದಿಗೆ ಒಪ್ಪಿಗೆ ಕೊಟ್ಟರೆ, ಒಂದನೇ ತಾರೀಖಿನಿಂದ ತಿಮ್ಮಮ್ಮ ಅಲ್ಲಿ ನಿಲ್ಲುವಂತಿಲ್ಲ. ಹಾಗಾಗಿ ನನ್ನ ಬೇಡಿಕೆ ಇಷ್ಟೇ: ಪುಟ ನಲವತ್ತೊಂದನ್ನು ಹಿಂತೆಗೆದುಕೊಳ್ಳಿ. ಅದಕ್ಕೂ ಮುಂಚೆ ಒಮ್ಮೆ ನೀವೇ ಬಂದು ಎಣಿಸಿ. ಸಹಾಯಕರು ಬೇಡ, ಫಾರಂ ಬೇಡ. ಕಾರು ತರಬೇಡಿ, ಬೀದಿ ತುಂಬ ಯೋಗದವರ ಸ್ಕೂಟರುಗಳು, ನಿಲ್ಲಿಸಲು ಜಾಗ ಸಿಗುವುದಿಲ್ಲ. ಎಣಿಸಿದ ಮೇಲೂ ಬೇಡಿಕೆಯಿಲ್ಲ ಅನ್ನಿಸಿದರೆ ಅದನ್ನು ತಿಮ್ಮಮ್ಮನಿಗೆ ಎದುರು ನಿಂತು ಹೇಳಿ. ನಾನು ಅಡ್ಡ ಬರುವುದಿಲ್ಲ.

ಗುರುವಾರ ಬೆಳಿಗ್ಗೆ ಆರೂವರೆಗೆ, ಗಾಡಿಯ ಹತ್ತಿರ ಕಾಯುತ್ತಿರುತ್ತೇವೆ.

ಇಂತಿ,
ನಿಮ್ಮ ಮೇಲಿನ ಆಸೆ ಇನ್ನೂ ಬಿಡಲಾಗದ
ಸಿಂಚನ
ಗೋಕುಲಂ, ಮೈಸೂರು